ಶಿಶುವಿಹಾರದ ಆಟದ ಸಾಮಗ್ರಿ: ಅದರ ಮೂಲ ಮತ್ತು ಋಣ

೧

ನಮ್ಮ ನಾಡಿನ ಪಟ್ಟಣಗಳಲ್ಲಿ ಮಾಂಟೆಸರಿ ಪದ್ಧತಿಯನ್ನು ಅನುಸರಿಸುವ ಯಾವುದೊಂದು ಶಿಶುವಿಹಾರವನ್ನು ಹೊಕ್ಕು ನೋಡಿದರೂ ಅಲ್ಲಿ ಕೆಲವು ಆಟದ ಸಾಮಗ್ರಿಗಳು ತಪ್ಪದೆ ಕಣ್ಣಿಗೆ ಬೀಳುತ್ತವೆ. ಮರದ ದಿಮ್ಮಿಯಲ್ಲಿ ಕೊರೆದ ಕುಳಿಗಳಿಗೆ ಸರಿಯಾಗಿ ಹೊಂದಿಕೊಳ್ಳುವ ಉರುಳೆಗಳು. ವೃತ್ತ, ತ್ರಿಕೋಣ, ಚೌಕಗಳ ತುಂಡುಗಳನ್ನು ಕೂರಿಸುವ ಹಲಗೆ. ಬೆರಳಿನಿಂದ ಸವರಿ ಗುರುತಿಸುವಂತೆ ಉಪ್ಪುಕಾಗದದಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರಗಳು. ಗುಂಡಿ ಹಾಕುವುದನ್ನೂ ದಾರ ಕಟ್ಟುವುದನ್ನೂ ಕಲಿಸುವ ಬಟ್ಟೆಯ ಚೌಕಟ್ಟುಗಳು. ಇವೆಲ್ಲ ಚುರುಕುಬುದ್ಧಿಯ ಮಕ್ಕಳಿಗಾಗಿ ಹೂಡಿದ ಉಪಾಯಗಳೆಂಬ ಭಾವನೆ ಪೋಷಕರಲ್ಲಿಯೂ ಅನೇಕ ಉಪಾಧ್ಯಾಯರಲ್ಲಿಯೂ ಇದೆ. ಆದರೆ ಇವುಗಳ ಪೂರ್ವಚರಿತ್ರೆಯನ್ನು ಪರಿಶೀಲಿಸಿದವರಿಗೆ ಕಾಣುವುದು ಬೇರೊಂದು ಸಂಗತಿ. ಈ ಸಾಮಗ್ರಿಯ ಬಹುಭಾಗ ಹುಟ್ಟಿದುದು, ಕಲಿಯಲಾರರೆಂದು ವೈದ್ಯರೂ ಪಂಡಿತರೂ ಕೈಬಿಟ್ಟ ಮಕ್ಕಳ ನಡುವೆ.

ಈ ಸಾಮಗ್ರಿ ಯಾವ ಹಾದಿಯಲ್ಲಿ ಸಾಗಿ ಎಲ್ಲ ಮಕ್ಕಳ ಸ್ವತ್ತಾಯಿತು ಎಂಬುದನ್ನೂ, ಅದು ಯಾರ ಕೈಯಲ್ಲಿ ಮೊದಲು ಪರೀಕ್ಷಿತವಾಯಿತೋ ಆ ಮಕ್ಕಳಿಗೆ ಅದರಿಂದ ಮುಂದೆ ಒದಗಿದುದೇನು ಎಂಬುದನ್ನೂ ಸಂಗ್ರಹವಾಗಿ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ. ಎಲ್ಲ ಬಗೆಯ ಶಕ್ತಿಯುಳ್ಳ ಮಕ್ಕಳು ಒಟ್ಟಿಗೆ ಆಡಿ ಕಲಿಯಬೇಕೆಂಬ ಮಾತು ಇಂದು ಶಿಕ್ಷಣಶಾಸ್ತ್ರದಲ್ಲಿ ಪ್ರಬಲವಾಗಿದೆ. ಅದನ್ನು ಕೇವಲ ಕರುಣೆಯ ಮಾತೆಂದು ತಿಳಿಯುವವರುಂಟು. ಇತಿಹಾಸದ ದೃಷ್ಟಿಯಿಂದ ಅದು ಕರುಣೆಯ ಪ್ರಶ್ನೆಯಲ್ಲ, ಋಣದ ಪ್ರಶ್ನೆ ಎಂಬುದೇ ನಮ್ಮ ಪ್ರತಿಪಾದನೆ.

ಇಲ್ಲಿ ಒಂದು ಮಾತನ್ನು ಮೊದಲೇ ಹೇಳಬೇಕಾಗಿದೆ. ಹಳೆಯ ಗ್ರಂಥಗಳು ಈ ಮಕ್ಕಳನ್ನು ಕುರಿತು ಬಳಸಿದ ಪದಗಳು ಇಂದು ನಿಂದೆಯ ಪದಗಳಾಗಿವೆ. ಆ ಕಾಲದಲ್ಲಿ ಅವು ವೈದ್ಯರ ಪರಿಭಾಷೆಯಾಗಿದ್ದವು. ಅನಿವಾರ್ಯವಾದ ಕಡೆಗಳಲ್ಲಿ ಹೊರತು ನಾವು ಅವನ್ನು ಬಳಸಿಲ್ಲ.

೨

ಕ್ರಿ.ಶ. ೧೮೦೦ರ ಜನವರಿಯಲ್ಲಿ ದಕ್ಷಿಣ ಫ್ರಾನ್ಸಿನ ಅವೇರೋನ್ ಪ್ರಾಂತದ ಒಂದು ಹಳ್ಳಿಗೆ ಕಾಡಿನಿಂದ ಒಬ್ಬ ಹುಡುಗ ಬಂದನು. ಹನ್ನೊಂದು ಹನ್ನೆರಡರ ವಯಸ್ಸು, ಮಾತಿಲ್ಲ, ಮೈಮೇಲೆಲ್ಲ ಗಾಯದ ಕಲೆಗಳು. ಅವನನ್ನು ಅದೇ ವರ್ಷದ ಆಗಸ್ಟಿನಲ್ಲಿ ಪ್ಯಾರಿಸಿನ ಮೂಕಬಧಿರರ ರಾಷ್ಟ್ರೀಯ ವಿದ್ಯಾಲಯಕ್ಕೆ ಕರೆತಂದರು. ಆ ಕಾಲದ ಮಾನಸಿಕ ವೈದ್ಯರಲ್ಲಿ ಅಗ್ರಗಣ್ಯನಾಗಿದ್ದ ಪಿನೆಲನು ಅವನನ್ನು ಪರೀಕ್ಷಿಸಿ, ಇವನು ಹುಟ್ಟಿನಿಂದಲೇ ಬುದ್ಧಿಹೀನನು, ಇವನಿಗೆ ಶಿಕ್ಷಣದಿಂದ ಪ್ರಯೋಜನವಾಗದು ಎಂದು ಅಭಿಪ್ರಾಯಪಟ್ಟನು. ಆ ವಿದ್ಯಾಲಯಕ್ಕೆ ವೈದ್ಯನಾಗಿ ಹೊಸದಾಗಿ ಬಂದಿದ್ದ ಇಪ್ಪತ್ತಾರು ವರ್ಷದ ಝಾನ್ ಮಾರ್ಕ್ ಗಾಸ್ಪಾರ್ ಇಟಾರನು ಈ ತೀರ್ಮಾನವನ್ನು ಒಪ್ಪಲಿಲ್ಲ. ಮನುಷ್ಯರ ಸಹವಾಸವಿಲ್ಲದೆ ಬೆಳೆದುದೇ ಹುಡುಗನ ಈ ಸ್ಥಿತಿಗೆ ಕಾರಣವೆಂದು ನಂಬಿ ಅವನ ಶಿಕ್ಷಣವನ್ನು ಕೈಗೊಂಡನು. 'ಓ' ಎಂಬ ಸ್ವರ ಕೇಳಿದೊಡನೆ ಹುಡುಗನು ತಿರುಗಿ ನೋಡುತ್ತಿದ್ದುದರಿಂದ, ಆ ಸ್ವರವಿರುವ ವಿಕ್ಟರ್ ಎಂಬ ಹೆಸರನ್ನು ಅವನಿಗೆ ಇಟ್ಟನು. ಹುಡುಗನ ದಿನದಿನದ ಪಾಲನೆಯನ್ನು ಮದಾಂ ಗೆರಾಂ ಎಂಬ ಗೃಹಿಣಿ ವಹಿಸಿಕೊಂಡಳು.

ಇಟಾರನು ೧೮೦೧ರಲ್ಲಿ ಒಂದು, ೧೮೦೬ರಲ್ಲಿ ಒಂದು, ಹೀಗೆ ಎರಡು ವರದಿಗಳನ್ನು ಬರೆದನು. ಅವುಗಳಲ್ಲಿ ಆಟಕ್ಕೆ ಸಂಬಂಧಿಸಿದ ಭಾಗ ನಮಗೆ ಮುಖ್ಯವಾದುದು. ಮೊದಲು ಅವನು ವಿಕ್ಟರನಿಗೆ ಎಲ್ಲ ಮಕ್ಕಳಿಗೆ ಕೊಡುವ ಆಟಿಕೆಗಳನ್ನೇ ಕೊಟ್ಟನು. ಹುಡುಗನು ಅವನ್ನು ಬಚ್ಚಿಟ್ಟನು, ಇಲ್ಲವೆ ಹಾಳುಮಾಡಿದನು. ಮರದ ಗೂಟಗಳನ್ನು ಚೆಂಡಿನಿಂದ ಉರುಳಿಸುವ ಆಟದ ಸಾಮಗ್ರಿಯನ್ನು ಒಂದು ದಿನ ಒಲೆಗೆ ಹಾಕಿ ಚಳಿ ಕಾಯಿಸಿಕೊಂಡನು. ಈ ಮಗುವಿಗೆ ಆಟ ತಿಳಿಯದು ಎಂದು ಬೇರೊಬ್ಬರಾದರೆ ಅಲ್ಲಿಗೇ ಬಿಡುತ್ತಿದ್ದರು. ಇಟಾರನಾದರೋ ಹುಡುಗನನ್ನು ಬಿಡದೆ ಆಟವನ್ನು ಬದಲಾಯಿಸಿದನು. ಕೆಲವು ಬೆಳ್ಳಿಯ ಬಟ್ಟಲುಗಳನ್ನು ಬೋರಲಾಗಿಟ್ಟು, ವಿಕ್ಟರನಿಗೆ ಪ್ರಿಯವಾದ ಒಂದು ಚೆಸ್ಟ್‌ನಟ್ ಕಾಯನ್ನು ಅವುಗಳಲ್ಲೊಂದರ ಅಡಿಯಲ್ಲಿ ಬಚ್ಚಿಟ್ಟು, ಎಲ್ಲಿದೆ ತೋರಿಸು ಎಂದು ಸನ್ನೆಮಾಡಿದನು. ಹುಡುಗನು ಕಂಡುಹಿಡಿದನು. ಅನಂತರ ಬಟ್ಟಲುಗಳನ್ನು ಅತ್ತಿಂದಿತ್ತ ಸರಿಸತೊಡಗಿದನು. ಹುಡುಗನ ಕಣ್ಣು ಅವುಗಳ ಬೆನ್ನಟ್ಟಿತು. ಕೊನೆಗೆ ತಿನ್ನಲಾಗದ ವಸ್ತುವನ್ನು ಬಚ್ಚಿಟ್ಟರೂ ಅವನ ಆಸಕ್ತಿ ಕುಗ್ಗಲಿಲ್ಲ. ಹಸಿವೆಯಿಂದ ಆರಂಭವಾದುದು ಕುತೂಹಲವಾಗಿ ಪರಿಣಮಿಸಿತು.

ಇದೇ ರೀತಿಯಲ್ಲಿ ಉಳಿದ ಪಾಠಗಳೂ ಹುಟ್ಟಿದವು. ಹಲಗೆಯ ಮೇಲೆ ಕೀಲಿಕೈ, ಕತ್ತರಿ, ಸುತ್ತಿಗೆಗಳ ಆಕೃತಿಗಳನ್ನು ಬರೆದು, ಆಯಾ ವಸ್ತುವನ್ನು ಅದರ ಚಿತ್ರದ ಮೇಲೆ ತೂಗುಹಾಕುವುದು. ಕೆಂಪು ವೃತ್ತ, ನೀಲಿ ತ್ರಿಕೋಣ, ಕಪ್ಪು ಚೌಕಗಳಿಗೆ ಅವುಗಳ ಜೊತೆಯನ್ನು ಹುಡುಕುವುದು. ಕಡೆಗೆ ಬಿಡಿ ಅಕ್ಷರಗಳನ್ನು ಆಯಾ ಮನೆಯಲ್ಲಿ ಇಡುವುದು. ಹಾಲು ಎಂಬರ್ಥದ ಫ್ರೆಂಚ್ ಪದದ ನಾಲ್ಕು ಅಕ್ಷರಗಳನ್ನು ವಿಕ್ಟರನು ಜೋಡಿಸಲು ಕಲಿತನು. ಒಮ್ಮೆ ಹಾಲು ದೊರೆಯುವ ಪರಿಚಿತರ ಮನೆಗೆ ಹೊರಟಾಗ, ಯಾರೂ ಹೇಳದೆಯೇ ಆ ನಾಲ್ಕು ಅಕ್ಷರಗಳನ್ನು ಜೊತೆಯಲ್ಲಿ ಒಯ್ದು, ಅಲ್ಲಿ ಮೇಜಿನ ಮೇಲೆ ಜೋಡಿಸಿ ತೋರಿಸಿದನು.

ಆದರೂ ಅವನಿಗೆ ಮಾತು ಬರಲಿಲ್ಲ. ೧೮೦೬ರ ವರದಿಯಲ್ಲಿ ಇಟಾರನ ನಿರಾಶೆ ಎದ್ದು ಕಾಣುತ್ತದೆ. ಅನಂತರ ವಿಕ್ಟರನು ಮದಾಂ ಗೆರಾಂಳ ಆಶ್ರಯದಲ್ಲಿಯೇ ಬಾಳಿ ೧೮೨೮ರಲ್ಲಿ ತೀರಿಕೊಂಡನು. ಪ್ರಯೋಗದ ಗುರಿಯನ್ನು ನೋಡಿದರೆ ಇದು ಸೋಲು. ಆದರೆ ಪಾಠ ಹಿಡಿಸದಿದ್ದಾಗ ಮಗುವನ್ನು ದೂರದೆ ಪಾಠದ ರೂಪವನ್ನು ಮಾರ್ಪಡಿಸಬೇಕೆಂಬ ಮಾರ್ಗವು ಈ ಸೋಲಿನ ನಡುವೆಯೇ ಸಿದ್ಧವಾಯಿತೆಂಬುದನ್ನು ಮರೆಯಲಾಗದು.

೩

ಇಟಾರನ ಕೊನೆಯ ದಿನಗಳಲ್ಲಿ ಅವನ ಬಳಿಗೆ ಎದುವಾರ್ ಸೆಗ್ವಿನ್ ಎಂಬ ಯುವಕನು ಬಂದನು. ಇವನು ೧೮೧೨ರಲ್ಲಿ ಹುಟ್ಟಿದವನು. ಸಮಾಜದ ಪುನರ್ರಚನೆಯನ್ನು ಬಯಸಿದ ಸೇಂಟ್ ಸೈಮನನ ಅನುಯಾಯಿಗಳ ಬಳಗಕ್ಕೆ ಸೇರಿದವನು. ಇಟಾರನ ಮಾರ್ಗದರ್ಶನದಲ್ಲಿ ಒಬ್ಬ ಬುದ್ಧಿಮಾಂದ್ಯ ಬಾಲಕನಿಗೆ ಹದಿನೆಂಟು ತಿಂಗಳು ಪಾಠ ಹೇಳಿ, ೧೮೩೮ರಲ್ಲಿ ಗುರುವು ತೀರಿಕೊಂಡ ಮೇಲೆ ತಾನೇ ಆ ಕಾರ್ಯವನ್ನು ಮುಂದುವರಿಸಿದನು. ೧೮೪೨ರಲ್ಲಿ ಪ್ಯಾರಿಸಿನ ಬಿಸೆತ್ರ್ ಆಸ್ಪತ್ರೆಯ ಮಕ್ಕಳನ್ನು ಅವನ ವಶಕ್ಕೆ ಒಪ್ಪಿಸಲಾಯಿತು. ಆಡಳಿತದವರೊಡನೆ ಮನಸ್ತಾಪವುಂಟಾಗಿ ಮರುವರ್ಷವೇ ಅಲ್ಲಿಂದ ಹೊರಬಿದ್ದನು. ತನ್ನ ಅನುಭವವನ್ನು ೧೮೪೬ರಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟಿಸಿ, ೧೮೪೮ರ ಕ್ರಾಂತಿಯ ತರುವಾಯ ಅಮೆರಿಕಕ್ಕೆ ವಲಸೆ ಹೋಗಿ, ೧೮೬೬ರಲ್ಲಿ ಇಂಗ್ಲಿಷಿನಲ್ಲಿ ಇನ್ನೊಂದು ಗ್ರಂಥವನ್ನು ಬರೆದು, ೧೮೮೦ರಲ್ಲಿ ನ್ಯೂಯಾರ್ಕಿನಲ್ಲಿ ನಿಧನನಾದನು.

ಇಟಾರನದು ಒಂದು ಮಗುವಿನೊಡನೆ ನಡೆಸಿದ ಪ್ರಯತ್ನ. ಸೆಗ್ವಿನ್ ಅದನ್ನು ಒಂದು ಪದ್ಧತಿಯನ್ನಾಗಿ ಮಾಡಿದನು. ಮೊದಲು ಸ್ನಾಯುಗಳ ಶಿಕ್ಷಣ, ಅನಂತರ ಇಂದ್ರಿಯಗಳ ಶಿಕ್ಷಣ, ಅದರಿಂದ ಭಾವನೆ ವಿಚಾರಗಳ ಶಿಕ್ಷಣ ಎಂಬುದು ಅವನ ಕ್ರಮ. ಕಾಲೂರಿ ನಿಲ್ಲಲಾರದ ಮಗುವಿಗೆ ಅವನು ಒಂದು ತೂಗುಪೀಠವನ್ನು ಮಾಡಿಸಿದನು. ಅದರಲ್ಲಿ ಕುಳಿತ ಮಗು ಮುಂದಕ್ಕೆ ತೂಗಿದಾಗಲೆಲ್ಲ ಅದರ ಪಾದಗಳು ಎದುರಿನ ಹಲಗೆಯನ್ನು ಒತ್ತುವುವು. ಉಯ್ಯಾಲೆಯಾಡುತ್ತಿರುವಂತೆಯೇ ಕಾಲಿಗೆ ಬಲ ಬರುವುದು. ಏಣಿ ಹತ್ತುವುದು, ಗುಂಡಿ ಹಾಕುವುದು, ದಾರ ಬಿಗಿಯುವುದು ಎಲ್ಲವೂ ಪಾಠಗಳಾದವು. ವಿವಿಧ ಆಕೃತಿಯ ಮರದ ತುಂಡುಗಳನ್ನು ಅವುಗಳಿಗೆ ಒಪ್ಪುವ ಕುಳಿಗಳಲ್ಲಿ ಕೂರಿಸುವ ಹಲಗೆಯು ಇಂದಿಗೂ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಭಾರತದ ಮನಶ್ಶಾಸ್ತ್ರಜ್ಞರು ಮಕ್ಕಳ ಬುದ್ಧಿಮಟ್ಟವನ್ನು ಅಳೆಯಲು ಬಳಸುವ ಸೆಗ್ವಿನ್ ಹಲಗೆ ಇದೇ. ಕಲಿಸುವುದಕ್ಕಾಗಿ ಮಾಡಿದ ವಸ್ತು ಅಳೆಯುವುದಕ್ಕೆ ಬಳಕೆಯಾದುದು ವಿಚಾರಾರ್ಹವಾದ ಸಂಗತಿ.

೪

ಈ ಪರಂಪರೆಯನ್ನು ಎಲ್ಲ ಮಕ್ಕಳ ಬಳಿಗೆ ಒಯ್ದವರು ಮಾರಿಯಾ ಮಾಂಟೆಸರಿಯವರು (೧೮೭೦–೧೯೫೨). ೧೮೯೬ರಲ್ಲಿ ರೋಮ್ ವಿಶ್ವವಿದ್ಯಾನಿಲಯದಿಂದ ವೈದ್ಯಪದವಿ ಪಡೆದ ಅವರು ಅಲ್ಲಿನ ಮಾನಸಿಕ ಚಿಕಿತ್ಸಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ, ಹುಚ್ಚಾಸ್ಪತ್ರೆಗಳಲ್ಲಿ ವಯಸ್ಕ ರೋಗಿಗಳ ನಡುವೆ ಕೂಡಿಹಾಕಲ್ಪಟ್ಟಿದ್ದ ಮಕ್ಕಳನ್ನು ಕಂಡರು. ಈ ಮಕ್ಕಳ ಪ್ರಶ್ನೆ ವೈದ್ಯಕ್ಕಿಂತ ಹೆಚ್ಚಾಗಿ ಶಿಕ್ಷಣಕ್ಕೆ ಸೇರಿದುದೆಂದು ೧೮೯೮ರಲ್ಲಿ ಟ್ಯೂರಿನ್ ನಗರದ ಶಿಕ್ಷಣ ಸಮ್ಮೇಳನದಲ್ಲಿ ವಾದಿಸಿದರು. ೧೯೦೦ರಲ್ಲಿ ರೋಮಿನಲ್ಲಿ ಇಂತಹ ಮಕ್ಕಳ ಉಪಾಧ್ಯಾಯರಿಗಾಗಿ ಏರ್ಪಟ್ಟ ಶಾಲೆಯ ನಿರ್ದೇಶಕರಲ್ಲೊಬ್ಬರಾದರು. ಇಟಾರ್ ಮತ್ತು ಸೆಗ್ವಿನ್ನರ ಬರಹಗಳನ್ನು ಇಟಾಲಿಯನ್ ಭಾಷೆಗೆ ತಿರುಗಿಸಿ, ಮೊದಲಿನಿಂದ ಕೊನೆಯವರೆಗೆ ತಮ್ಮ ಕೈಯಿಂದಲೇ ನಕಲು ಮಾಡಿದರು.

ಅವರಿಂದ ಪಾಠ ಹೇಳಿಸಿಕೊಂಡ ಕೆಲವು ಮಕ್ಕಳು ಸಾಮಾನ್ಯ ಶಾಲೆಯ ಮಕ್ಕಳೊಡನೆ ಪರೀಕ್ಷೆಗೆ ಕುಳಿತು ಓದುಬರಹಗಳಲ್ಲಿ ತೇರ್ಗಡೆಯಾದರು. ನೋಡಿದವರು ಇದನ್ನು ಪವಾಡವೆಂದು ಹೊಗಳಿದರು. ಮಾಂಟೆಸರಿಯವರಿಗೆ ಹೊಳೆದ ಪ್ರಶ್ನೆ ಬೇರೆ. ನನ್ನ ಮಕ್ಕಳು ಇಷ್ಟು ಮೇಲೇರಿದುದಾದರೆ, ಆರೋಗ್ಯವಂತ ಮಕ್ಕಳನ್ನು ಇವರ ಮಟ್ಟದಲ್ಲಿಯೇ ತಡೆದು ನಿಲ್ಲಿಸಿರುವುದು ಯಾವುದು? ದೋಷವು ಸಾಮಾನ್ಯ ಶಾಲೆಯಲ್ಲಿದೆ ಎಂಬುದೇ ಅವರು ಕಂಡುಕೊಂಡ ಉತ್ತರ.

ಅದನ್ನು ಪರೀಕ್ಷಿಸುವ ಅವಕಾಶ ೧೯೦೭ರಲ್ಲಿ ದೊರೆಯಿತು. ರೋಮಿನ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಒಂದು ಸಂಸ್ಥೆಯವರು ಹಳೆಯ ವಠಾರಗಳನ್ನು ದುರಸ್ತಿಮಾಡಿಸಿದ್ದರು. ತಂದೆತಾಯಿಯರು ಕೂಲಿಗೆ ಹೋದಾಗ ಮಕ್ಕಳು ಗೋಡೆಗಳನ್ನು ಕೆಡಿಸುವರೆಂದು ಅವರಿಗಾಗಿ ಒಂದು ಕೋಣೆಯನ್ನು ತೆಗೆದಿರಿಸಿದರು. ಜನವರಿ ೬ರಂದು ಆರಂಭವಾದ ಈ 'ಮಕ್ಕಳ ಮನೆ'ಯಲ್ಲಿ ಮಾಂಟೆಸರಿಯವರು ಸೆಗ್ವಿನ್ನನ ಸಾಮಗ್ರಿಯನ್ನು ತಕ್ಕಂತೆ ಮಾರ್ಪಡಿಸಿ ಇರಿಸಿದರು. ಮೊದಲಿನ ಶಾಲೆಯಲ್ಲಿ ಅವರು ಮಾಡಿಸಿದ್ದ ಮರದ ಅಕ್ಷರಗಳಂತಹುವು ಇಲ್ಲಿ ಒದಗಲಿಲ್ಲವಾದ್ದರಿಂದ ಕಾಗದದಲ್ಲಿಯೂ ಉಪ್ಪುಕಾಗದದಲ್ಲಿಯೂ ಅಕ್ಷರಗಳನ್ನು ಕತ್ತರಿಸಿದರು. ಇಂದು ಬೆಲೆ ತೆತ್ತು ತರಿಸುವ ಉಪ್ಪುಕಾಗದದ ಅಕ್ಷರಗಳ ಹುಟ್ಟು ಹೀಗೆ.

ಮಾಂಟೆಸರಿಯವರು ಒಂದು ವ್ಯತ್ಯಾಸವನ್ನು ಎತ್ತಿ ಹೇಳಿದರು. ಉರುಳೆಯನ್ನು ತಪ್ಪಾದ ಕುಳಿಯಲ್ಲಿಟ್ಟರೆ ಕೊನೆಗೊಂದು ಉರುಳೆ ಉಳಿದುಬಿಡುತ್ತದೆ. ಹೀಗೆ ಸಾಮಗ್ರಿಯೇ ತಪ್ಪನ್ನು ತೋರಿಸುತ್ತದೆ. ಮೊದಲಿನ ಮಕ್ಕಳಿಗೆ ಉಪಾಧ್ಯಾಯರು ಹತ್ತಿರ ಕುಳಿತು ಹುರಿದುಂಬಿಸಬೇಕಾಗಿತ್ತು. ಇಲ್ಲಿಯ ಮಕ್ಕಳು ತಮ್ಮಷ್ಟಕ್ಕೆ ತಾವೇ ತಿದ್ದಿಕೊಳ್ಳುತ್ತಿದ್ದರು. ವಸ್ತು ಒಂದೇ ಆದರೂ ಅದನ್ನು ಬಳಸುವ ಬಗೆಯೂ ಬೇಕಾಗುವ ನೆರವೂ ಬೇರೆ ಬೇರೆ ಎಂಬ ಈ ಮಾತು ಮುಂದಿನ ವಿವೇಚನೆಗೆ ಆಧಾರವಾಗಿದೆ.

ಶಿಶುಶಿಕ್ಷಣದ ಸಮಸ್ತವೂ ಈ ಒಂದೇ ಮೂಲದಿಂದ ಬಂದಿತೆಂದು ಹೇಳಿದರೆ ಅತಿಶಯೋಕ್ತಿಯಾಗುತ್ತದೆ. ಜರ್ಮನಿಯ ಫ್ರೋಬೆಲನು ೧೮೪೦ರಲ್ಲಿ 'ಕಿಂಡರ್‌ಗಾರ್ಟನ್' ಎಂದು ಹೆಸರಿಟ್ಟ ಸಂಸ್ಥೆಯ ಚೆಂಡು, ಘನ, ಕೋಲುಗಳ ಆಟಕ್ಕೆ ಬೇರೆಯೇ ಮೂಲವಿದೆ. ನಾವು ಹೇಳುತ್ತಿರುವುದು ಇಂದ್ರಿಯಶಿಕ್ಷಣದ ಸಾಮಗ್ರಿಯ ಧಾರೆಯೊಂದನ್ನು ಕುರಿತು ಮಾತ್ರ.

೫

ಇಲ್ಲಿಂದ ಮುಂದೆ ಈ ಇತಿಹಾಸ ಎರಡು ಕವಲಾಗುತ್ತದೆ. ಮಾಂಟೆಸರಿಯವರ ಪ್ರಧಾನಗ್ರಂಥ ೧೯೦೯ರಲ್ಲಿ ಪ್ರಕಟವಾದ ಮೇಲೆ ಸಾಮಗ್ರಿಯು ದೇಶದಿಂದ ದೇಶಕ್ಕೆ ಸಂಚರಿಸಿತು. ಭಾರತದಲ್ಲಿ ಗಿಜುಭಾಯಿ ಬಧೇಕಾ ಅವರು ೧೯೨೦ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ೧೯೩೯ರ ನವೆಂಬರಿನಲ್ಲಿ ಥಿಯಾಸಫಿಕಲ್ ಸೊಸೈಟಿಯ ಆಹ್ವಾನದ ಮೇಲೆ ಸ್ವತಃ ಮಾಂಟೆಸರಿಯವರೇ ಮದರಾಸಿನ ಅಡಯಾರಿಗೆ ಬಂದರು. ಮರುವರ್ಷ ಇಟಲಿಯು ಯುದ್ಧಕ್ಕಿಳಿದುದರಿಂದ ಇಲ್ಲಿಯೇ ಉಳಿಯಬೇಕಾಗಿ ಬಂದು, ಅಡಯಾರು, ಕೊಡೈಕೆನಾಲ್ ಮೊದಲಾದ ಕಡೆಗಳಲ್ಲಿ ೧೯೪೬ರವರೆಗೆ ಉಪಾಧ್ಯಾಯರಿಗೆ ತರಬೇತಿ ಕೊಟ್ಟರು. ತಾರಾಬಾಯಿ ಮೋಡಕ್ ಅವರು ಕರಾವಳಿಯ ಬೋರ್ಡಿಯಲ್ಲಿಯೂ ಆಮೇಲೆ ಕೋಸಬಾಡದಲ್ಲಿಯೂ ಎಲೆ, ಬೀಜ, ಕಲ್ಲುಹರಳುಗಳಿಂದಲೇ ಅಗ್ಗದ ಸಾಮಗ್ರಿಯನ್ನು ಮಾಡಿ, ಅಂಗಳದಲ್ಲಿ ನಡೆಯುವ ಬಾಲವಾಡಿಯ ಕಲ್ಪನೆಯನ್ನು ರೂಪಿಸಿದರು. ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ವಿಭಾಗಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಅವುಗಳಲ್ಲೊಂದಾಗಿತ್ತು. ಹೀಗೆ ಅಂಗನವಾಡಿ ಹಳ್ಳಿಹಳ್ಳಿಗೆ ಬಂದಿತು.

ಇನ್ನೊಂದು ಕವಲು ಆ ಮಕ್ಕಳದು. ಸಾಮಗ್ರಿ ಸಾಮಾನ್ಯ ಶಾಲೆಗೆ ಹೋಯಿತು. ಅದು ಯಾರ ಕೈಯಲ್ಲಿ ರೂಪುಗೊಂಡಿತೋ ಅವರು ಪ್ರತ್ಯೇಕ ಸಂಸ್ಥೆಗಳಲ್ಲಿ ಉಳಿದರು. ಈ ಸಂಸ್ಥೆಗಳು ಮಾಡಿದ ಉಪಕಾರವನ್ನು ಅಲ್ಲಗಳೆಯಲಾಗದು. ೧೮೮೭ರಲ್ಲಿ ಅಮೃತಸರದಲ್ಲಿ ಅಂಧರ ಶಾಲೆಯೂ, ೧೯೦೧ರಲ್ಲಿ ಮೈಸೂರಿನಲ್ಲಿ ಅಂಧ ಮತ್ತು ಕಿವುಡ ಮಕ್ಕಳ ಶಾಲೆಯೂ ಸ್ಥಾಪಿತವಾಗುವ ಮೊದಲು ಅಂತಹ ಮಕ್ಕಳಿಗೆ ಮನೆಯ ಮೂಲೆಯೇ ಗತಿಯಾಗಿತ್ತು. ಆದರೆ ಕೆಲವರಿಗಾಗಿ ಬೇರೆ ಶಾಲೆಯುಂಟೆಂಬುದೇ ಊರ ಶಾಲೆಯ ಬಾಗಿಲನ್ನು ಎಲ್ಲರಿಗೂ ಮುಚ್ಚಲು ನೆವವಾಯಿತು. ಬೇರೆ ಶಾಲೆಯೂ ಇಲ್ಲದ ಊರುಗಳಲ್ಲಿ ಮಗುವಿಗೆ ಎರಡೂ ಇಲ್ಲವಾಯಿತು.

ಈ ಎರಡು ಕವಲುಗಳನ್ನು ಕೂಡಿಸಿದ ಪ್ರಯತ್ನಗಳಲ್ಲಿ ಜರ್ಮನಿಯ ಮ್ಯೂನಿಕ್ ನಗರದ್ದು ಗಮನಾರ್ಹ. ಮಕ್ಕಳ ವೈದ್ಯ ಥಿಯೊಡೋರ್ ಹೆಲ್‌ಬ್ರೂಗೆ ಅವರು ೧೯೬೮ರಲ್ಲಿ ಅಲ್ಲಿ ಸ್ಥಾಪಿಸಿದ ಸಂಸ್ಥೆಯ ಆಶ್ರಯದಲ್ಲಿ, ಅಂಗವೈಕಲ್ಯವುಳ್ಳ ಮಕ್ಕಳೂ ಇತರ ಮಕ್ಕಳೂ ಒಂದೇ ಕೋಣೆಯಲ್ಲಿ ಮಾಂಟೆಸರಿ ಸಾಮಗ್ರಿಯೊಡನೆ ಕಲಿಯುವ ಶಿಶುಶಾಲೆ ನಡೆಯಿತು. ೧೯೭೦ರಲ್ಲಿ ಅದೇ ಮಾದರಿಯ ಪ್ರಾಥಮಿಕ ಶಾಲೆ ಆರಂಭವಾಯಿತು. ಸಾಮಗ್ರಿಯನ್ನು ಪ್ರತಿ ಮಗುವೂ ತನ್ನ ವೇಗದಲ್ಲಿ ಬಳಸಬಹುದಾದುದರಿಂದ ಈ ಸಹವಾಸ ಸುಲಭಸಾಧ್ಯವಾಯಿತು. ರೋಮಿನಿಂದ ಹೊರಟ ಸಾಮಗ್ರಿ ಅರವತ್ತು ವರ್ಷಗಳ ಬಳಿಕ ತನ್ನ ಮೊದಲ ಒಡೆಯರ ಕೈಗೆ ಹಿಂತಿರುಗಿತೆನ್ನಬಹುದು.

ಭಾರತದಲ್ಲಿ ಕೊಠಾರಿ ಆಯೋಗವು (೧೯೬೪–೬೬) ಇಂತಹ ಮಕ್ಕಳ ಶಿಕ್ಷಣವು ಸಾಮಾನ್ಯ ಶಿಕ್ಷಣವ್ಯವಸ್ಥೆಯ ಅಂಗವಾಗಬೇಕೆಂದು ಹೇಳಿತು. ೧೯೭೪ರಲ್ಲಿ ಅದಕ್ಕಾಗಿ ಕೇಂದ್ರಸರ್ಕಾರದ ಯೋಜನೆಯೊಂದು ಜಾರಿಗೆ ಬಂದಿತು. ೧೯೯೪ರಲ್ಲಿ ಸ್ಪೇನಿನ ಸಲಮಾಂಕಾ ನಗರದಲ್ಲಿ ೯೨ ಸರ್ಕಾರಗಳ ಪ್ರತಿನಿಧಿಗಳು ಎಲ್ಲ ಮಕ್ಕಳನ್ನೂ ಸಾಮಾನ್ಯ ಶಾಲೆಗೆ ಸೇರಿಸಿಕೊಳ್ಳಬೇಕೆಂಬ ಘೋಷಣೆಯನ್ನು ಒಪ್ಪಿದರು. ವಿಶ್ವಸಂಸ್ಥೆಯ ೨೦೦೬ರ ಒಡಂಬಡಿಕೆಯ ೩೦ನೆಯ ವಿಧಿಯು ಆಟ, ಮನರಂಜನೆ, ಕ್ರೀಡೆಗಳಲ್ಲಿ ಅಂಗವೈಕಲ್ಯವುಳ್ಳ ಮಕ್ಕಳಿಗೆ ಇತರ ಮಕ್ಕಳಷ್ಟೇ ಅವಕಾಶವಿರಬೇಕೆಂದು ಸ್ಪಷ್ಟವಾಗಿ ವಿಧಿಸಿದೆ. ಭಾರತವು ಅದನ್ನು ೨೦೦೭ರಲ್ಲಿ ಅಂಗೀಕರಿಸಿತು. ನಮ್ಮ ೨೦೧೬ರ ಅಧಿನಿಯಮವು ಶೇಕಡಾ ೪೦ಕ್ಕೆ ಕಡಮೆಯಿಲ್ಲದ ವೈಕಲ್ಯವುಳ್ಳ ಮಗುವಿಗೆ ೬ರಿಂದ ೧೮ ವರ್ಷದವರೆಗೆ ನೆರೆಯ ಶಾಲೆಯಲ್ಲಿ, ಅಥವಾ ಬಯಸಿದರೆ ವಿಶೇಷ ಶಾಲೆಯಲ್ಲಿ, ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಆದರೆ ಮಾಂಟೆಸರಿಯವರ ಮಕ್ಕಳ ಮನೆಯ ವಯಸ್ಸು ೩ರಿಂದ ೬. ಆಟದ ಮೂಲಕ ಕಲಿಯುವ ಈ ವಯಸ್ಸು ಆ ವಿಧಿಯ ಹೊರಗುಳಿಯುತ್ತದೆ. ಅಂಗನವಾಡಿಗಳು ಇಂತಹ ಮಕ್ಕಳನ್ನು ಗುರುತಿಸಿ ಸೇರಿಸಿಕೊಳ್ಳುವ ಕ್ರಮವನ್ನು ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ಪ್ರಕಟಿಸಿದುದು ೨೦೨೩ರ ನವೆಂಬರಿನಲ್ಲಿ.

೬

ಈ ಇತಿಹಾಸದಿಂದ ಉಪಾಧ್ಯಾಯರು ಗ್ರಹಿಸಬಹುದಾದ ಎರಡು ಅಂಶಗಳನ್ನು ಸೂಚಿಸಿ ಲೇಖನವನ್ನು ಮುಗಿಸುತ್ತೇವೆ.

ಮೊದಲನೆಯದಾಗಿ, ಸಾಮಗ್ರಿ ಇದ್ದ ಮಾತ್ರಕ್ಕೆ ಶಿಕ್ಷಣ ನಡೆಯುವುದಿಲ್ಲ. ಸೆಗ್ವಿನ್ ಬಿಟ್ಟುಹೋದ ಬಿಸೆತ್ರನ್ನು ಮಾಂಟೆಸರಿಯವರು ಮುಂದೆ ನೋಡಲು ಹೋದಾಗ, ಅಲ್ಲಿ ಅವನ ಉಪಕರಣಗಳು ಬಳಕೆಯಲ್ಲಿದ್ದವು, ಅವನ ಗ್ರಂಥವೂ ಉಪಾಧ್ಯಾಯರ ಕೈಯಲ್ಲಿತ್ತು. ಆದರೆ ಅವನ ಪದ್ಧತಿ ಮಾತ್ರ ಅಷ್ಟಾಗಿ ಬಳಕೆಯಲ್ಲಿರಲಿಲ್ಲವೆಂದು ಅವರು ಬರೆದಿದ್ದಾರೆ. ಇದು ಅಂದಿನ ಪ್ಯಾರಿಸಿಗೆ ಮಾತ್ರ ಸಲ್ಲುವ ಮಾತಲ್ಲ. ವಿದ್ಯಾರ್ಥಿಗಳೊಡನೆ ನಾವು ಭೇಟಿಕೊಟ್ಟ ಒಂದು ಶಿಶುವಿಹಾರದಲ್ಲಿ ಉರುಳೆಗಳ ದಿಮ್ಮಿಯನ್ನು ಕಪಾಟಿನ ಮೇಲಣ ಅಂತಸ್ತಿನಲ್ಲಿ ಜೋಡಿಸಿಡಲಾಗಿತ್ತು. ನಾಲ್ಕೈದು ವರ್ಷದ, ಮಾತು ಸ್ಪಷ್ಟವಿಲ್ಲದ ಹುಡುಗಿಯೊಬ್ಬಳು ಬಾಗಿಲ ಬಳಿ ಅಜ್ಜಿಯ ಜೊತೆಯಲ್ಲಿ ಕುಳಿತಿದ್ದಳು. ಅವಳು ನೋಡಲಿಕ್ಕೆ ಬರುತ್ತಾಳೆ, ಆಟಕ್ಕೆ ಸೇರುವುದಿಲ್ಲ ಎಂದು ನಮಗೆ ತಿಳಿಸಿದರು. ನಮ್ಮ ವಿದ್ಯಾರ್ಥಿನಿಯೊಬ್ಬಳು ದಿಮ್ಮಿಯನ್ನು ಇಳಿಸಿ ಅವಳ ಮುಂದಿಟ್ಟಳು. ಆ ಮಗು ಹತ್ತು ಉರುಳೆಗಳನ್ನೂ ಹೊರತೆಗೆದು ಒಂದೊಂದಾಗಿ ಕೂರಿಸತೊಡಗಿತು. ಎರಡು ಸಲ ತಪ್ಪಿತು. ಮೂರನೆಯ ಸಲ ಸರಿಹೋಯಿತು. ಅಷ್ಟರಲ್ಲಿ ಉಳಿದ ಮಕ್ಕಳು ಅವಳ ಸುತ್ತ ಬಂದು ಕುಳಿತಿದ್ದರು. ಯಾರನ್ನೂ ದೂಷಿಸಲು ಇದನ್ನು ಹೇಳುತ್ತಿಲ್ಲ. ಆ ವಸ್ತು ಅವಳಂತಹವರಿಗಾಗಿಯೇ ಹುಟ್ಟಿತೆಂಬುದು ಅಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ. ತಿಳಿದಿದ್ದರೆ ಅದು ಕಪಾಟಿನ ಮೇಲಿರುತ್ತಿರಲಿಲ್ಲ ಎಂಬುದು ನಮ್ಮ ನಂಬಿಕೆ.

ಎರಡನೆಯದಾಗಿ, ಎಲ್ಲರಿಗಿಂತ ಹೆಚ್ಚು ಕಷ್ಟಪಡುವ ಮಗುವನ್ನು ಮುಂದಿಟ್ಟುಕೊಂಡು ಯೋಚಿಸಿದ ಆಟ ಉಳಿದ ಮಕ್ಕಳಿಗೂ ಒದಗಿತೆಂಬುದಕ್ಕೆ ಈ ಚರಿತ್ರೆ ಸಾಕ್ಷಿ. ಇದಕ್ಕೆ ವಿದೇಶದ ಸಾಮಗ್ರಿಯೇ ಆಗಬೇಕೆಂಬ ನಿಯಮವಿಲ್ಲ. ನಮ್ಮ ಅಳಗುಳಿ ಮನೆಯಲ್ಲಿ ಸಾಲಿಗೆ ಏಳರಂತೆ ಹದಿನಾಲ್ಕು ಕುಳಿಗಳು; ಹುಣಿಸೆಬೀಜವನ್ನು ಬೆರಳಿನಿಂದಲೇ ಎಣಿಸಬಹುದು. ಕಣ್ಣು ಕಾಣದ ಮಗುವೂ, ಕಿವಿ ಕೇಳದ ಮಗುವೂ, ಓಡಲಾರದ ಮಗುವೂ ನೆರೆಯ ಗೆಳೆಯರೊಡನೆ ಸರಿಸಮನಾಗಿ ಕುಳಿತು ಆಡಬಹುದಾದ ಆಟವಿದು. ಹಾಗೆಂದು ಎಲ್ಲವೂ ಎಲ್ಲರಿಗೂ ಸಾಕಾಗುವುದೆಂದು ಹೇಳಲಾಗದು. ಅಂಧರಿಗೆ ಬ್ರೈಲ್ ಬೇಕು. ಕಿವುಡರಿಗೆ ಸನ್ನೆಯ ಭಾಷೆ ಬೇಕು. ಅದನ್ನು ಬಲ್ಲ ಉಪಾಧ್ಯಾಯರು ಬೇಕು. ವಿಕ್ಟರನಿಗೆ ಮಾತೊಂದೇ ಗುರಿಯಾಗಿರದೆ ಸನ್ನೆಯ ಭಾಷೆಯನ್ನು ಕಲಿಸಿದ್ದರೆ ಏನಾಗುತ್ತಿತ್ತೆಂದು, ಅವನು ಮೂಕಬಧಿರರ ವಿದ್ಯಾಲಯದಲ್ಲಿಯೇ ಇದ್ದುದನ್ನು ನೆನೆದು ಅನೇಕರು ಕೇಳಿದ್ದಾರೆ.

ಇತಿಹಾಸದ ಪುಟಗಳಲ್ಲಿ ಇಟಾರ್, ಸೆಗ್ವಿನ್, ಮಾಂಟೆಸರಿ ಎಂಬ ಮೂರು ಹೆಸರುಗಳು ಉಳಿದಿವೆ. ಮಕ್ಕಳಲ್ಲಿ ವಿಕ್ಟರನ ಹೆಸರೊಂದನ್ನು ಬಿಟ್ಟರೆ ಉಳಿದವರಾರೆಂಬುದು ಸಾಮಾನ್ಯವಾಗಿ ಯಾರಿಗೂ ಪರಿಚಿತವಲ್ಲ. ಬಿಸೆತ್ರಿನಲ್ಲಿಯೂ ರೋಮಿನ ಶಾಲೆಯಲ್ಲಿಯೂ ಸಾಮಗ್ರಿಯನ್ನು ಕೈಯಲ್ಲಿ ಹಿಡಿದು, ಇದು ನಮಗೆ ಆಗುತ್ತದೆ, ಇದು ಆಗುವುದಿಲ್ಲ ಎಂದು ತೋರಿಸಿಕೊಟ್ಟವರು ಅವರೇ. ಶಿಶುಶಿಕ್ಷಣದ ಇತಿಹಾಸವನ್ನು ನಮ್ಮ ತರಬೇತಿ ಕಾಲೇಜುಗಳಲ್ಲಿ ಬೋಧಿಸುವಾಗ ಈ ಸಂಗತಿಗೂ ತಕ್ಕ ಸ್ಥಾನ ದೊರೆಯಬೇಕೆಂದು ವಿಜ್ಞಾಪಿಸಿಕೊಳ್ಳುತ್ತೇವೆ.